ಪುಟ್ಟಿಯ ತುತ್ತಿನ ತೂಕ

೨೦೦೬ರ ಆಗಸ್ಟ್ ೧೩, ಭಾನುವಾರ, ಬೆಳಗ್ಗೆ ಏಳು ಗಂಟೆ ನಲವತ್ತು ನಿಮಿಷ. ಕೊಪ್ಪದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಷಡಕ್ಷರಿ, ಲ್ಯಾಬಿನಿಂದ ಕೇಳಿ ತಂದ ತಕ್ಕಡಿಯಲ್ಲಿ ಸಿಹಿಗುಂಬಳ, ಬಸಳೆ, ಹಾಗಲಕಾಯಿ ಪಲ್ಯಗಳನ್ನು ತೂಗಿ ಪುಸ್ತಕದಲ್ಲಿ ಬರೆದುಕೊಂಡ. ಮೂರು ಬಟ್ಟಲು, ಬಟ್ಟಲಿಗೆ ನೂರ ನಲವತ್ತು ಗ್ರಾಂ.

ಎರಡು ವರ್ಷದ ಮಗಳು ಶ್ವೇತ, ಮನೆಯವರೆಲ್ಲರ ಪುಟ್ಟಿ, ಮೊಸರನ್ನ ಮತ್ತು ಹಪ್ಪಳ ಬಿಟ್ಟು ಬೇರೇನು ಕಂಡರೂ ಸಂತೆ ದಿನ ಮುಗಿದ ಅಂಗಡಿಯ ಹಾಗೆ ಬಾಯಿಗೆ ಬಾಗಿಲು ಹಾಕುತ್ತಿದ್ದಳು. ಬಾಳೆಹೊನ್ನೂರಿನಿಂದ ಅತ್ತೆ ವೀರಬಸಮ್ಮ ಫೋನಿನಲ್ಲೇ ತೀರ್ಪು ಕೊಟ್ಟಿದ್ದರು: "ಭಾನುವಾರ ಸಂಜೆ ಬರ್ತೀನಿ. ಅಷ್ಟರೊಳಗೆ ಕೂಸು ತರಕಾರಿ ತಿನ್ನದಿದ್ರೆ ದಸರಾ ರಜೆ ಪೂರ್ತಿ ನನ್ನ ಹತ್ರ ಇಟ್ಕೋತೀನಿ."

ಪುಟ್ಟಿಯಿಲ್ಲದ ರಜೆ! ಷಡಕ್ಷರಿಗೆ ಅದನ್ನು ನೆನೆಯಲೂ ಆಗುತ್ತಿರಲಿಲ್ಲ. ಹೆಂಡತಿ ಸುಮನಾ ಮೂರೂ ಪಲ್ಯ ಮಾಡಿಟ್ಟು, "ನಿಮ್ಮ ವಿಜ್ಞಾನ ತೋರ್ಸಿ ನೋಡಾಣ" ಎಂದು ಅಮ್ಮನನ್ನು ಕರೆತರಲು ಬಸ್ಸು ಹತ್ತಿದ್ದಳು.

ಕುಂಬಳದ ಮೊದಲ ಚಮಚಕ್ಕೇ ಪುಟ್ಟಿ ಮುಖ ತಿರುಗಿಸಿದಳು. ಬೇಲಿಯಾಚೆಯಿಂದ ಪಕ್ಕದಮನೆಯ ಪ್ರೇಮಕ್ಕ ಕೂಗಿದಳು: "ಮೊದ್ಲು ನೀವು ತಿಂದು ತೋರ್ಸಿ ಮೇಷ್ಟ್ರೆ!"

ಷಡಕ್ಷರಿ ಕುಂಬಳಕಾಯಿ ತಿಂದು ಮೂವತ್ತೆರಡು ವರ್ಷವಾಗಿತ್ತು. ಅವನ ವಯಸ್ಸೂ ಮೂವತ್ತೆರಡೇ. ಮಗಳಿಗಾಗಿ ಕಣ್ಣು ಮುಚ್ಚಿ ನುಂಗಿದ. ಮುಖ ಹಿಂಡಿದ ನಿಂಬೆಹೋಳಾಯಿತು. ಪುಟ್ಟಿ ಕೇಕೆ ಹಾಕಿ ನಕ್ಕು, ಚಮಚ ಕಸಿದುಕೊಂಡು, "ಅಪ್ಪಾ, ಆ..." ಎಂದಳು. ಅವಳಿಗೆ ಹಿಡಿದ ಚಮಚವೆಲ್ಲ ತಿರುಗಿ ಇವನ ಬಾಯಿಗೇ ಬಂತು. ಹತ್ತು ಗಂಟೆಗೆ ಬಟ್ಟಲು ಖಾಲಿ.

ಬಸಳೆಯ ಹೊತ್ತಿಗೆ ಎದುರುಮನೆಯ ಭೈರಪ್ಪ ಬಂದು ಜಗಲಿಯಲ್ಲಿ ಕೂತ. "ಹಾಗಲ್ಲ ಮಾರಾಯ್ರೆ! ಚಮಚಾನ ಬಸ್ಸು ಮಾಡಿ. ಮಗು ಬಾಯಿ ಶೃಂಗೇರಿ ಸ್ಟ್ಯಾಂಡು."

ಷಡಕ್ಷರಿ ಹಾರನ್ ಬಾರಿಸುತ್ತ ಕೊಪ್ಪ ಬಿಟ್ಟ, ಹರಿಹರಪುರ ದಾಟಿದ. ಪುಟ್ಟಿ ಅಡ್ಡ ಕೈ ಹಾಕಿ ಬಸ್ಸು ನಿಲ್ಲಿಸಿದಳು. ಅಪ್ಪನ ಬಾಯಿ ತೋರಿಸಿ, "ಟ್ಯಾಂಡು!" ಎಂದಳು. ಮಧ್ಯಾಹ್ನದವರೆಗೆ ಓಡಿದ ಅಷ್ಟೂ ಬಸ್ಸುಗಳು ಅಲ್ಲೇ ನಿಂತವು.

ನಾಲ್ಕು ಗಂಟೆಗೆ ಉಳಿದದ್ದು ಹಾಗಲಕಾಯಿ ಒಂದೇ. ಷಡಕ್ಷರಿಯ ನಾಲಿಗೆ ಅಷ್ಟರಲ್ಲಿ ಹಟ ಬಿಟ್ಟಿತ್ತು. ಒಂದು ಹೋಳು ಅಗಿದ, ಇನ್ನೊಂದು ಅಗಿದ. ಬೆಲ್ಲ ಹಾಕಿದ್ದಾಳೆ, ಅಡ್ಡಿಯಿಲ್ಲ ಅನ್ನಿಸಿತು. ಮುಖದಲ್ಲಿ ಒಂದು ಗೆರೆಯೂ ಏಳಲಿಲ್ಲ. ಪುಟ್ಟಿ ಆ ಮುಖವನ್ನೇ ನೋಡಿದಳು. ನಿಧಾನಕ್ಕೆ ಬಾಯಿ ತೆರೆದಳು. ತಿಂದಳು. ಮತ್ತೆ ತೆರೆದಳು!

ಅವಳಿಗೆ ಸಾಕಾಗುತ್ತಲೇ ಷಡಕ್ಷರಿ ಬಟ್ಟಲು ತೂಗಿ, ಮಗಳನ್ನು ಹೆಗಲಿಗೇರಿಸಿ ಅಂಗಳಕ್ಕೆ ಓಡಿದ. "ತಿಂದ್ಲು! ಹದಿನೆಂಟು ಗ್ರಾಂ!" ಮಗಳಿಗೆ ರ‍್ಯಾಂಕು ಬಂದಿದ್ದರೂ ಅವನ ಎದೆ ಅಷ್ಟು ಉಬ್ಬುತ್ತಿರಲಿಲ್ಲ. ಅದೇ ಖುಷಿಯಲ್ಲಿ ಉಳಿದ ಹಾಗಲಕಾಯಿಯನ್ನೂ ತಾನೇ ಮುಗಿಸಿದ.

ಸಂಜೆ ಬಂದ ವೀರಬಸಮ್ಮ ಖಾಲಿ ಬಟ್ಟಲು ನೋಡಿದರು, ಪುಸ್ತಕ ನೋಡಿದರು, ಸೆರಗು ಬಾಯಿಗೆ ಒತ್ತಿಕೊಂಡರು.

"ಅಳಿಯಂದ್ರೆ, ಇವಳಿಗೆ ಹಾಗಲಕಾಯಿ ಎಂತ ಹೊಸದು? ನೀವು ಕಾಲೇಜಿಗೆ ಹೋದ್ಮೇಲೆ ದಿನಾ ತಿಂತಾಳೆ. ನೀವು ಎದುರಿಗಿದ್ರೆ ಮಾತ್ರ ನಿಮ್ಮ ಹಾಗೇ ಮುಖ ಸಿಂಡರಿಸೋದು."

ಷಡಕ್ಷರಿ ಹೆಂಡತಿಯ ಕಡೆ ತಿರುಗಿದ. ಸುಮನಾ ಗೋಡೆ ನೋಡುತ್ತಿದ್ದಳು. "ಮದುವೆಯಾಗಿ ಆರು ವರ್ಷ, ಬರೀ ಆಲೂಗಡ್ಡೆ ಬೇಯಿಸಿ ಸಾಕಾಯ್ತು ಕಣ್ರೀ."

"ಪರೀಕ್ಷೆ ಇದ್ದಿದ್ದು ನಿಮಗೆ ಮೇಷ್ಟ್ರೆ!" ಬೇಲಿಯಾಚೆ ಪ್ರೇಮಕ್ಕ ಬಿದ್ದು ಬಿದ್ದು ನಕ್ಕಳು.

"ಕೂಸು ಇಲ್ಲೇ ಇರ್ಲಿ," ಎಂದರು ವೀರಬಸಮ್ಮ. "ದಸರಾ ರಜೆ ಪೂರ್ತಿ ನೀವೊಬ್ರೇ ನಮ್ಮನೆಗೆ ಬನ್ನಿ. ಬದನೆ, ಹೀರೆ, ನುಗ್ಗೆ ಇನ್ನೂ ಬಾಕಿ ಇದಾವೆ."

ಅಂತೂ ಪುಟ್ಟಿಯಿಲ್ಲದ ರಜೆ ತಪ್ಪಲಿಲ್ಲ. ಆದರೂ ಅವಳು ತನ್ನ ಮುಖ ನೋಡಿ ಬಾಯಿ ತೆರೆದದ್ದು ಸುಳ್ಳಲ್ಲವಲ್ಲ. ಷಡಕ್ಷರಿ ಹೆಮ್ಮೆಯಿಂದಲೇ ಪುಸ್ತಕದ ಕೊನೆಯ ಸಾಲುಗಳನ್ನು ತುಂಬಿದ. ಮಗಳು ತಿಂದದ್ದು, ಹದಿನೆಂಟು ಗ್ರಾಂ. ಅಪ್ಪ ತಿಂದದ್ದು, ನಾನೂರ ಎರಡು ಗ್ರಾಂ.