ನಮ್ಮ ಮಾಮಾನ ಕೆಸರಿನ ಸಾಲಿ

ನಮ್ಮ ಮಾಮಾ ನಾಳೆ ಸ್ವರ್ಗಕ್ಕ ಹೋದ್ನಂತ ತಿಳ್ಕೋರಿ. ನಾಡಿದ್ದು ತಿರುಗಿ ಬರ್ತಾನ. ಯಾಕ ಬಂದಿ ಅಂತ ಕೇಳಿದ್ರ, "ಥೂ, ಅಲ್ಲಿ ಹಾದಿ ಎಲ್ಲಾ ಸಪಾಟ ಅದಾವು. ಒಂದ ತೆಗ್ಗಿಲ್ಲ, ಒಂದ ದಿಬ್ಬಿಲ್ಲ. ಮನಷ್ಯಾ ಇರೂ ಜಾಗಾ ಏನದು?" ಅಂತಾನ.

ಸುಳ್ಳ ಹೇಳಾಕತ್ತೀನಂತ ತಿಳೀಬ್ಯಾಡ್ರಿ. ಹೋದ ವರ್ಷ ಪಂಚಾಯ್ತಿಯವರು ತೋಟಕ್ಕ ಹೋಗೂ ಹಾದ್ಯಾಗಿನ ತೆಗ್ಗಿಗೆ ಮುರುಮು ಹಾಕಾಕ ಬಂದಿದ್ರು. ಎಷ್ಟೋ ವರ್ಷ ಕೂಗಿದ ಮ್ಯಾಲ ಬಂದಾರಂತ ಮಂದಿ ಚಾ ಮಾಡಿ ಕೊಟ್ರು. ನಮ್ಮ ಮಾಮಾ ಟ್ರ್ಯಾಕ್ಟರಿಗೆ ಅಡ್ಡ ನಿಂತ. "ಸಾಹೇಬ್ರ, ಉಳಿದದ್ದೆಲ್ಲಾ ಮುಚ್ಚರಿ. ನನ್ನ ಗೇಟಿನ ಮುಂದಿಂದು ಮುಟ್ಟಬ್ಯಾಡ್ರಿ. ಜ್ವಾಕಿ ಮಾಡಿ ಬೆಳಿಸಿದ ತೆಗ್ಗರಿ ಅದು" ಅಂದ. ರಸ್ತಾ ಮಾಡಿಕೊಡ್ರಿ ಅಂತ ಕೈ ಮುಗದವರನ್ನ ಆ ಸಾಹೇಬ್ರು ಭಾಳ ಕಂಡಿದ್ರು, ಮಾಡಬ್ಯಾಡ್ರಿ ಅಂತ ಕೈ ಮುಗದಾವನ್ನ ಅವತ್ತ ಮೊದಲ ಸಲ ಕಂಡ್ರು. ಹೆದರಿ ಬಿಟ್ಟ ಹ್ವಾದ್ರು. ಆ ತೆಗ್ಗು ಇನ್ನೂ ಐತಿ, ಆರಾಮ ಐತಿ.

ಈ ಮಹಾಶಯ ನಮ್ಮವ್ವನ ತಮ್ಮ. ಸದಲಗಾ ಮತ್ತ ಬೇಡಕಿಹಾಳದ ನಡುವ ಅವನ ಹೊಲ, ಹೊಲದಾಗ ಮನಿ, ಸುತ್ತಲೂ ಕಬ್ಬು. ವಯಸ್ಸಿನ್ಯಾಗಿದ್ದಾಗ ಮೋಟೋಕ್ರಾಸ್ ರೇಸ್ ಹೊಡೀತಿದ್ದ. ಅಂದ್ರ ಚಂದಾಗಿರೂ ಡಾಂಬರ ರಸ್ತಾ ಬಿಟ್ಟು, ಮಣ್ಣಾಗ, ಕೆಸರಾಗ, ದಿಬ್ಬದ ಮ್ಯಾಲಿಂದ ಗಾಡಿ ಹಾರಿಸಿಕೋತ ಹೋಗೂ ರೇಸು. ಶಾಣ್ಯಾ ಮಂದಿ ಮಾಡೂ ಕೆಲಸಾ ಅಲ್ಲ. ಕೊಲ್ಲಾಪುರ, ಸಾಂಗ್ಲಿ ಕಡೆ ಇವನ ಹೆಸರ ಕೇಳಿದ್ರ ಮಂದಿ ಸೀಟಿ ಹೊಡೀತಿದ್ರಂತ. ಹಂಗಂತ ನಮಗ ಹೇಳ್ದಾವನೂ ಇವನ. ಗೆದ್ದ ಕಪ್ಪುಗಳು ಇನ್ನೂ ಮನ್ಯಾಗ ಅದಾವು. ಒಂದರಾಗ ಅತ್ತಿ ಮಸಾಲಿ ಖಾರ ತುಂಬ್ಯಾಳ, ಇನ್ನೊಂದರಾಗ ಕೋಳಿ ನೀರ ಕುಡೀತಾವು. ಎರಡೂ ಭುಜಾ, ಒಂದ ಕಾಲು ಮುರಕೊಂಡ ಮ್ಯಾಲ ರೇಸ್ ಬಿಟ್ಟು ಕೋಚ್ ಆದ. ತನ್ನದು ಮುರದದ್ದು ಸಾಲಲಿಲ್ಲಂತ ಈಗ ಮಂದೀದು ಮುರಿಯೂ ಧಂದೆ.

ಇಂಥಾವನ ಕೈಯಾಗ ನೀ ಹ್ಯಾಂಗ ಸಿಕ್ಕೊಂಡಿ ಅಂತ ಕೇಳ್ತೀರಿ. ನನ್ನ ನಸೀಬು, ಮತ್ತೇನ? ನಾ ದನದ ದವಾಖಾನ್ಯಾಗ ಕೆಲಸಾ ಮಾಡಾಕಿ. ಡಾಕ್ಟರ ಕೈಕೆಳಗಿನ ಇನ್ಸ್‌ಪೆಕ್ಟರ್ ನಾ, ಆದ್ರ ಮಂದಿ ನನಗೂ ಡಾಕ್ಟರಬಾಯಿ ಅಂತಾರ. ನಮ್ಮ ಕಡೆ ಆಕಳ, ಎಮ್ಮಿ ಊರಾಗಿರೂದು ಕಡಿಮಿ, ತೋಟದ ಮನ್ಯಾಗ ಇರ್ತಾವು. ಮಳಿಗಾಲದಾಗ ಆ ಹಾದಿ ನೋಡಬೇಕ ನೀವು. ಕಬ್ಬಿನ ಟ್ರ್ಯಾಕ್ಟರ್ ಕೆತ್ತಿದ ಎರಿ ಮಣ್ಣು, ಮ್ಯಾಲ ಮಳಿ ನೀರು, ಭಕ್ಕರಿ ಹಿಟ್ಟು ನಾದಿದಂಗ ಆಗಿರ್ತದ. ಹ್ವಾದ ಮಳಿಗಾಲದಾಗ ಅಂಥಾ ಹಾದ್ಯಾಗ ಸ್ಕೂಟಿ ಸಮೇತ ಬಿದ್ದು ಮುಂಗೈ ಮುರಕೊಂಡೆ. ಈಯಾಕ ಒದ್ದಾಡಾಕತ್ತಿದ್ದ ಎಮ್ಮಿಗೆ ನಾ ಹೋಗಿ ಮುಟ್ಟಲೇ ಇಲ್ಲ, ಅದು ಸತ್ತ ಹೋತು. ಅವತ್ತಿನಿಂದ ಕೆಸರ ಕಂಡ್ರ ನನ್ನ ಕೈಕಾಲು ತಣ್ಣಗಾಗಾಕ ಹತ್ತಿದ್ವು.

ನಮ್ಮ ಸಾಹೇಬ್ರು ಒಳ್ಳೆಯವರು. "ಮುಂದಿನ ಮಳಿಗಾಲಕ್ಕ ತೋಟಕ್ಕ ಹೋಗೂದು ಆಗಲಿಲ್ಲಂದ್ರ ಹೇಳವ್ವ, ಆಫೀಸ್‌ನ್ಯಾಗ ಕುಂದರಿಸ್ತೀನಿ" ಅಂದ್ರು. ಫ್ಯಾನಿನ ಕೆಳಗ ಕುರ್ಚಿ, ಕೆಸರಿಲ್ಲ, ಸಗಣಿಲ್ಲ. ಕೇಳಿ ನನಗ ಅಳುವ ಬಂತು. ದನ ಮುಟ್ಟಲಾರದ ದನದ ಡಾಕ್ಟರಬಾಯಿ ಎಂಥಾಕಿ? ಮಳಿ ಬರೂದ್ರಾಗ ಕೆಸರಾಗ ಗಾಡಿ ಹೊಡಿಯೂದು ಕಲೀಬೇಕಂತ ಹಟಾ ಹಿಡದು ಮಾಮಾನ ಮನಿಗೆ ಹ್ವಾದೆ.

ಮೊದಲನೇ ದಿನ ಹೆಲ್ಮೆಟ್, ಬೂಟು ಎಲ್ಲಾ ಹಾಕ್ಕೊಂಡು ತಯಾರಾಗಿ ನಿಂತೆ. ಮಾಮಾ ಕೊಟ್ಟಿಗ್ಯಾಗಿಂದ ಎರಡ ಎತ್ತು ಹೊಡಕೊಂಡ ಬಂದ. ಹಿಂದ ಒಂದ ಕೊರಡು ಕಟ್ಟಿದ್ದ. ಹೊಲದಾಗಿನ ಹೆಂಟಿ ಒಡಿಯಾಕ ಎಳಸ್ತಾರಲ್ಲ, ಆ ಕೊರಡು.

"ಗಾಡಿ ಎಲ್ಲೈತಿ ಮಾಮಾ?"

"ಗಾಡಿ ಕೊಟ್ರ ಬೀಳ್ತಿ. ಮೊದಲ ನಿಲ್ಲೂದು ಕಲಿ. ಏರು ಮ್ಯಾಲ."

ಕೊರಡಿನ ಮ್ಯಾಲ ಮೊಣಕಾಲ ಮಡಚಿ, ಕುಂಡಿ ಹಿಂದ ಮಾಡಿ, ಮೊಣಕೈ ಅಗಲ ಮಾಡಿ, ಮುಂದ ದೂರ ನೋಡಿಕೋತ ನಿಂದರಬೇಕಂತ. ಎತ್ತು ನಡದ್ವು. ಹೆಂಟಿ ಬಂದಲ್ಲಿ ಕೊರಡು ಹಾರತೈತಿ, ಅದರ ಜೋಡಿ ನಾನೂ ಹಾರತೀನಿ, ತಲಿ ಮ್ಯಾಲ ಹೆಲ್ಮೆಟ್ ಬ್ಯಾರೆ. ಹಾದ್ಯಾಗ ಹೊಂಟಿದ್ದ ಮುದುಕ ಒಬ್ಬಾವ ನಿಂತು ನೋಡಿ, "ಡಾಕ್ಟರಬಾಯಾರ, ನೌಕರಿ ಬಿಟ್ಟು ಹೊಲಾ ಪಾಲಿಗೆ ಹಾಕ್ಕೊಂಡೀರೇನ್ರಿ?" ಅಂತ ಕೇಳಿದ. ಅಷ್ಟ ಕೇಳಿ ಹ್ವಾದ್ರ ಚಿಂತಿ ಇರಲಿಲ್ಲ, ಊರಾಗೆಲ್ಲಾ ಹೇಳಿದ. ಆ ವಾರ ದವಾಖಾನಿಗೆ ಬಂದ ರೈತರೆಲ್ಲಾ ನಮ್ಮ ಹೊಲಾನೂ ಹರಗಿ ಕೊಡ್ರಿ ಬಾಯಾರ ಅಂತ ನಗ್ತಿದ್ರು. ಪುಕ್ಕಟ ಎರಡ ಎಕರೆ ಹೆಂಟಿ ಒಡಿಸಿಕೊಂಡ ಮ್ಯಾಲ ಮಾಮಾ ನನಗ ಗಾಡಿ ತೋರಿಸಿದ.

ಗಾಡಿ ಅಂದ್ರೇನು, ಒಂದ ಎಂಜಿನ್ನು, ಎರಡ ಗಾಲಿ, ಮಿಕ್ಕಿದ್ದೆಲ್ಲಾ ವಯರು. ಅದಕ್ಕ ಮಾಮಾ "ಬಾಳವ್ವಾ, ಬಾ" ಅಂತ ಮಾತಾಡಸ್ತಾನ. ನನಗ "ಏ ಎಡವಟ್ಟ" ಅಂತಾನ. ಇವನ ಬೈಗುಳಕ್ಕೂ ಒಂದ ಪದ್ಧತಿ ಐತಿ. ಕನ್ನಡದಾಗ ಚಾಲೂ ಆಗ್ತಾವು, ಸಿಟ್ಟು ಏರಿದಂಗ ಮರಾಠಿಗೆ ಹೋಗ್ತಾವು, ಮತ್ತೂ ಏರಿತಂದ್ರ ಬರೇ ಕೈ ಆಡ್ತಾವು. ದನಿ ಅಂತೂ ಕೇಳಬ್ಯಾಡ್ರಿ. ಎಂಜಿನ್ ಸಪ್ಪಳದ ಮ್ಯಾಲೂ ಕೇಳತೈತಿ, ಆಚಿ ಹೊಲದಾಗ ಕಳೆ ತೆಗಿಯೂ ಹೆಣ್ಮಕ್ಕಳು ಗಾಬರಿಯಾಗಿ ಎದ್ದ ನಿಂದರತಾರ.

ಕೆಸರಾಗ ಗಾಡಿ ಹತೋಟಿಗೆ ಬರೂದು ಕೈಯಿಂದ ಅಲ್ಲ, ಮೊಣಕಾಲಿಂದ ಅಂತ ಇವನ ಸಿದ್ಧಾಂತ. ಪೆಟ್ರೋಲ್ ಟಾಕಿಯನ್ನ ಎರಡೂ ಮೊಣಕಾಲಾಗ ಒತ್ತಿ ಹಿಡೀಬೇಕು. ಹಿಡದೀನೋ ಇಲ್ಲೋ ತಿಳಿಯೂದು ಹ್ಯಾಂಗ? ಅತ್ತಿ ಬಡಿದ ಕಟಕ ಭಕ್ಕರಿ ಎರಡ ತಂದು, ಮೊಣಕಾಲಿಗೂ ಟಾಕಿಗೂ ನಡುವ ಒಂದೊಂದ ಇಟ್ಟ. "ಭಕ್ಕರಿ ಬಿತ್ತಂದ್ರ ಇವತ್ತ ಊಟ ಇಲ್ಲ." ಅವತ್ತ ನಾ ಉಪವಾಸ. ಮರುದಿನಾನೂ ಉಪವಾಸ ಆಗೂದಿತ್ತು, ಅಷ್ಟ್ರಾಗ ಅತ್ತಿ ನೋಡಿಬಿಟ್ಳು.

"ಏನ್ರಿ, ಅನ್ನ ತಂದು ಕಾಲಾಗ ಇಡ್ತೀರೇನು? ಬುದ್ಧಿ ಎಲ್ಲಿ ಇಟ್ಟೀರಿ?"

ಮಾಮಾ ನಾಚಿಕೊಂಡ. ಭಕ್ಕರಿ ಎತ್ತಿ ಕಣ್ಣಿಗೊತ್ತಿಕೊಂಡು ಒಳಗ ಇಟ್ಟು ಬಂದ. ಬರುವಾಗ ಎರಡ ಕುಳ್ಳು ತಂದ. ಒಣಗಿದ ಸಗಣಿ ಕುಳ್ಳು, ಒಲಿಗೆ ಹಾಕೂದು. ಅವು ಬೀಳಲಿಲ್ಲ, ಪುಡಿಯಾಗಿ ನನ್ನ ಪ್ಯಾಂಟಿನ್ಯಾಗ ಇಳದ್ವು. "ಪುಡಿಯಾದ್ವು ಅಂದ್ರ ಚಲೋ ಒತ್ತೀದಿ" ಅಂದ. ಹಿಂಗ ನಮ್ಮ ಮಾಮಾನಿಂದ ನಾ ಗಳಿಸಿದ ಮೊದಲನೇ ಶಾಭಾಸಕಿ ಸಗಣಿಯೊಳಗಿಂದ ಬಂತು.

ಇನ್ನ ಹಾರೂದು. "ನನಗ ಹಾರೂ ಕೆಲಸಾ ಇಲ್ಲ ಮಾಮಾ, ಎಮ್ಮಿ ತನಾ ಹ್ವಾದ್ರ ಸಾಕು" ಅಂತ ಎಷ್ಟ ಬಡಕೊಂಡ್ರೂ ಕೇಳವಲ್ಲ. ಹಾರಿದಾಕಿಗೆ ಕೆಸರ ಅಂಜಿಕಿ ಹೋಗತೈತಂತ. ಮಣ್ಣಿನ ದಿಬ್ಬ ಮಾಡಿದ. ಬಿದ್ರ ಪೆಟ್ಟಾಗಬಾರದಂತ ಆಚಿ ಕಡೆ ರವದಿ ಒಟ್ಟಿದ. ರವದಿ ಅಂದ್ರ ಕಬ್ಬಿನ ಒಣ ಎಲಿ. ಕಬ್ಬು ಕಡದ ಮ್ಯಾಲ ಎಲ್ಲಾರೂ ಅದನ್ನ ಹೊಲದಾಗ ಸುಡ್ತಾರ, ಇಲ್ಲಾ ಕುಟ್ಟಿ ಗೊಬ್ಬರಾ ಮಾಡ್ತಾರ. ಇವನೊಬ್ಬಾವ ಬ್ಯಾರೆಯವರ ಹೊಲದ್ದೂ ಬೇಡಿ ತಂದು ಮನಿ ಎತ್ತರ ಬಣವಿ ಮಾಡಿದ. ಒಟ್ಟಿಟ್ಟ ರವದ್ಯಾಗ ಇಲಿ ಸೇರ್ತಾವು, ಇಲಿ ಹಿಂದ ಹಾವು ಬರ್ತಾವು, ಇದು ನಮ್ಮ ಕಡೆ ಹಾಲ ಕುಡಿಯೂ ಕೂಸಿಗೂ ಗೊತ್ತು. ಅತ್ತಿ ಹೇಳಿದ್ಳು, ನಾ ಹೇಳಿದೆ. "ಈಕಿ ಬೀಳೂ ಸಪ್ಪಳಕ್ಕ ಹಾವು ಊರ ಬಿಟ್ಟ ಹೋಗಿರ್ತಾವು" ಅಂದ. ಹಿಂಗ ಅಂದಾವಗ ಏನ ಹೇಳ್ತೀರಿ?

ಜೂನಿನ ಮೊದಲನೇ ದೊಡ್ಡ ಮಳಿ ಬಿದ್ದ ಮರುದಿನ ಮುಂಜಾನೆ ಕೆಸರಿನ ಮೊದಲ ಪಾಠ ಅಂತ ಕರದಿದ್ದ. ನಾ ಹೋಗೂದ್ರಾಗ ದಿಬ್ಬದ ಆಚಿ ಹಸಿ ರವದಿ ತಗದು ಒಣಾದ್ದು ಹಾಕಾಕತ್ತಿದ್ದ, ಬರಿಗೈಲೆ. ಒಮ್ಮಿಗೇ ಕೈ ಜಾಡಿಸಿ, "ಇಲಿ ಕಡೀತು" ಅಂದ. ನಾ ನೋಡಿದೆ. ಇಲಿ ಅಲ್ಲ, ನಾಗರ. ರವದಿಯೊಳಗ ಸರಕೋತ ಹ್ವಾತು.

ಬಾಜೂ ತೋಟದವ ಓಡಿ ಬಂದು, ಮಂತ್ರ ಹಾಕಾವನ ಕಡೆ ಒಯ್ಯೂನು ಅಂದ. "ಅವನ ಗಾಡಿ ಬ್ರೇಕ್ ಅವಗ ಕೂಡ್ಸಾಕ ಬರೂದಿಲ್ಲ, ವಿಷಾ ಏನ ಇಳಸ್ತಾನ" ಅಂತ ಮಾಮಾ ಬೈದ. ಅಂಬುಲೆನ್ಸಿಗೆ ಫೋನ್ ಹಚ್ಚಿದ್ರ, ಒಳಗ ಬಂದ್ರ ಗಾಲಿ ಹುಗೀತಾವು, ಡಾಂಬರ ರಸ್ತಾದ ಮ್ಯಾಲ ನಿಂದರತೀವಿ, ಅಲ್ಲಿ ತನಾ ತರ್ರಿ ಅಂದ್ರು. ಟ್ರ್ಯಾಕ್ಟರ್ ರಿಪೇರಿಗೆ ಹೋಗಿತ್ತು. ನಡಿಸಿದ್ರ ವಿಷಾ ಲಗೂನ ಏರತೈತಿ. ಉಳದದ್ದು ನಾ ಕಲಿಯೂ ಗಾಡಿ ಒಂದ. ಎರಡ ಕಬ್ಬಿನ ತುಂಡ ಇಟ್ಟು ಅವನ ಕೈ ಅಲುಗಾಡದಂಗ ಕಟ್ಟಿದೆ. ಅತ್ತಿ ಒಳಗ ಹೋಗಿ ಸೀರಿ ತಂದು, ಮಾಮಾನ್ನ ನನ್ನ ಬೆನ್ನಿಗೆ ಬಿಗದು ಕಟ್ಟಿದ್ಳು. "ಹೋಗವ್ವ" ಅಂದ್ಳು ಅಷ್ಟ.

ಮುಂದ ನಾ ಬಿದ್ದಂಥಾದ ಹಾದಿ. ಅದ ಎರಿ ಮಣ್ಣು. ಕೊರಡು, ಭಕ್ಕರಿ, ಎಲ್ಲಾ ಮರತ ಹ್ವಾತು, ಬರೇ ಅಂಜಿಕಿ ಉಳೀತು. ಹಿಂದಿನ ಗಾಲಿ ಜಾರಿತು, ನಾ ಬ್ರೇಕ್ ಹಿಡದೆ.

"ಬ್ರೇಕ್ ಬಿಡ ಬೇ ಎಡವಟ್ಟ. ಜಾರಲಿ ಬಿಡು. ಗಾಲಿ ಏನ ನೋಡ್ತಿ, ದೂರ ನೋಡ. ಎಮ್ಮಿನ ತಂದಿದ್ರ ಇಷ್ಟೊತ್ತಿಗೆ ಮುಟ್ಟಿಸ್ತಿತ್ತು."

ಬೆನ್ನ ಹಿಂದ ಕುಂತು ಕಿವ್ಯಾಗ ಬೈಯಾಕತ್ತಿದ. ನಾನೂ ಬೈದೆ. "ಬಾಯಿ ಮುಚ್ಚು ಮಾಮಾ, ನಿನ್ನ ರವದಿಗೆ ಬೆಂಕಿ ಹಚ್ಚಲಿ." ಹಿಂಗ ಬೈಕೋತ ಬೈಸಿಕೋತ ಅರ್ಧಾ ಹಾದಿ ದಾಟಿದ್ವಿ. ಆಮ್ಯಾಲ ಅವನ ಮಾತು ತೊದಲಾಕ ಹತ್ತಿದ್ವು. ನಾಗರ ವಿಷಾ ಏನ ಮಾಡತೈತಿ ಅನ್ನೂದು ದನಾ ನೋಡಿ ನೋಡಿ ನನಗ ಗೊತ್ತು. ಮೊದಲ ಕಣ್ಣಿನ ರೆಪ್ಪಿ, ಆಮ್ಯಾಲ ನಾಲಿಗಿ, ಆಮ್ಯಾಲ ಉಸಿರು. ಅವನ ಬೈಗುಳ ಇರೂ ತನಾ ಅವನ ಉಸಿರ ಐತಿ.

"ಬೈ ಮಾಮಾ. ಮರಾಠ್ಯಾಗ ಬೈ."

"ಗ... ಗ್ಯಾಸ್..." ಅಂದ. ಗ್ಯಾಸ್ ಕೊಡು ಅಂದ್ನೋ, ಬ್ಯಾಡ ಅಂದ್ನೋ ತಿಳೀಲಿಲ್ಲ. ಹಳ್ಳ ಬಂತು. ಮೊಣಕಾಲಾಗ ಟಾಕಿ ಒತ್ತಿ ಹಿಡದು, ಆಚಿ ದಂಡಿ ನೋಡಿ, ಗ್ಯಾಸ್ ಕೊಟ್ಟೆ. ನೀರ ಎದಿ ತನಾ ಸಿಡೀತು. ಗಾಡಿ ದಂಡಿ ಏರಿತು. ನಾ ಬೀಳಲಿಲ್ಲ. ಇಷ್ಟ ಚಂದ ಹೊಡದೀನಿ, ಇವನು ಒಂದ ತಪ್ಪರೆ ಹುಡುಕಿ ಹೇಳಬೇಕೋ ಬ್ಯಾಡೋ? ಹಿಂದಿಂದ ಮಾತ ಇಲ್ಲ. ತಲಿ ನನ್ನ ಹೆಗಲ ಮ್ಯಾಲ ಬಿದ್ದಿತ್ತು. ಅವತ್ತ ಅಳಕೋತ ಗಾಡಿ ಹೊಡದೆ, ದೂರ ನೋಡಾಕ ಕಣ್ಣ ಕಾಣವಲ್ದು, ಆದ್ರೂ ಹೊಡದೆ.

ಡಾಂಬರ ರಸ್ತಾದ ಮ್ಯಾಲ ನಿಂತಿದ್ದ ಅಂಬುಲೆನ್ಸಿನವರು ಅವನ್ನ ಬಿಚ್ಚಿ ಎತ್ತಿಕೊಂಡ್ರು. ಚಿಕ್ಕೋಡಿ ದವಾಖಾನ್ಯಾಗ ಗಂಟಲಾಗ ನಳಿಗಿ ಹಾಕಿ ಮಷಿನ್‌ಲೆ ಉಸಿರಾಡಿಸಿದ್ರು. ಇನ್ನೊಂದ ಸ್ವಲ್ಪ ತಡಾ ಆಗಿದ್ರ ನಮ್ಮ ಕೈಯಾಗಿರಲಿಲ್ಲ ಅಂತ ಡಾಕ್ಟರ್ ಅತ್ತಿಗೆ ಹೇಳಿದ್ರು. ಮಾಮಾ ಉಳದ. ಅತ್ತಿ ಮನಿಗೆ ಬಂದಾಕಿ ಕೈ ಕಾಲ ಸೈತ ತೊಳೀದ ರವದಿಗೆ ಬೆಂಕಿ ಹಚ್ಚಿದ್ಳು. ನಾ ಸಾಹೇಬ್ರಿಗೆ ಕುರ್ಚಿ ಬ್ಯಾಡರಿ ಅಂತ ಹೇಳಿ ಬಂದೆ. ಈ ಮಳಿಗಾಲದಾಗ ನಾ ಹೋಗಲಾರದ ತೋಟಾ ಇಲ್ಲ.

ಮಾಮಾ ಮತ್ತ ಸಾಲಿ ಚಾಲೂ ಮಾಡ್ಯಾನ. ಆದ್ರ ಆ ನಳಿಗಿಯಿಂದ ಅವನ ದನಿ ಹೋಗೇತಿ. ಬರೇ ಗಾಳಿ ಬರತೈತಿ, ಪಿಸಿಪಿಸಿ ಅಂತೈತಿ. ಮೊದಲಿನ ದನಿ ಬರ್ತದೋ ಇಲ್ಲೋ, ಕಾದ ನೋಡೂನು ಅಂತಾರ ಡಾಕ್ಟರ್. ಹೊಲದಾಗ ನಾ ಒಂದ ಸುತ್ತ ಹೊಡದು ಬರುವಾಗ ಅವನು ಬದುವಿನ ಮ್ಯಾಲ ನಿಂತು ಬಾಯಿ ಆಡಸ್ತಿರ್ತಾನ, ಎಂಜಿನ್ ಸಪ್ಪಳದಾಗ ನನಗ ಒಂದೂ ಕೇಳೂದಿಲ್ಲ. ಕೇಳಲಿಲ್ಲಂತ ಹಂಗ ಮುಂದ ಹೋಗಬಹುದು. ನಾ ಹೋಗೂದಿಲ್ಲ. ಗಾಡಿ ಬಂದ್ ಮಾಡಿ, ಹೆಲ್ಮೆಟ್ ತಗದು, ಅವನ ಬಾಯಿ ಹತ್ತಿರ ಕಿವಿ ಒಯ್ತೀನಿ, ಪೂರಾ ಬೈಸಿಕೊಂಡ ಮ್ಯಾಲ ಮತ್ತ ಕಿಕ್ ಹೊಡೀತೀನಿ.