ಕೆಂಪರಾಜುವಿನ ಹಾಯಿದೋಣಿಗೆ ಲಾರಿ ಬಂತು

ಹಿಪ್ಪುನೇರಳೆ ಸೊಪ್ಪಿನ ವಾಸನೆ ಬರಬಾರದ ಕಡೆಯಿಂದ ಬಂದದ್ದೇ ಕೆಂಪರಾಜುವಿನ ಅಂದಿನ ಪೀಕಲಾಟಕ್ಕೆ ಮೂಲ. ವಾಸನೆ ಬಂದದ್ದು ಅವನ ಹಾಯಿದೋಣಿಯ ಒಳಗಿನಿಂದ.

ಹಾರೋಹಳ್ಳಿ ಪಕ್ಕದ ಹಳ್ಳಿಯಲ್ಲಿ, ಹುಲ್ಲಿನ ಮೆದೆಗೂ ತಿಪ್ಪೆಗೂ ನಡುವೆ, ಹಾಯಿದೋಣಿ ಎಲ್ಲಿಂದ ಬಂತು ಅಂತೀರಾ? ಕೆಂಪರಾಜು ಕೈಗಾರಿಕಾ ಪ್ರದೇಶದ ಫೈಬರ್ ಟ್ಯಾಂಕ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಸಾಹುಕಾರನಿಗೆ ಒಮ್ಮೆ ಸಮುದ್ರದ ಹುಚ್ಚು ಹಿಡಿದು, ಇಂಗ್ಲಿಷಿನಲ್ಲಿ ಯಾಟು ಅನ್ನುವ ಈ ದೋಣಿ ಮಾಡಿಸಿದ. ಅದನ್ನು ನೋಡಿಕೊಳ್ಳಲು ಕೆಂಪರಾಜುವನ್ನು ಹೆಂಡತಿ ಸೌಮ್ಯ, ಮಗಳು ಸಿರಿಯ ಸಮೇತ ಮಲ್ಪೆಗೆ ಕಳಿಸಿದ. ದೀಪಾವಳಿಯಿಂದ ಯುಗಾದಿವರೆಗೆ ಮೂವರೂ ದೋಣಿಯಲ್ಲೇ ಉಂಡು, ದೋಣಿಯಲ್ಲೇ ಮಲಗಿ, ದಡದ ತೆಂಗುಗಳನ್ನು ಕಣ್ಣಳತೆಯಲ್ಲಿ ಇಟ್ಟುಕೊಂಡು ಕಾರವಾರದವರೆಗೂ ಹಾಯಿ ಬಿಚ್ಚಿ ತೇಲಿದರು. ಅಷ್ಟರಲ್ಲಿ ಸಾಹುಕಾರನಿಗೆ ಕುದುರೆ ಹುಚ್ಚು ಹಿಡಿಯಿತು. "ದೋಣಿ ನೀನೇ ಇಟ್ಕೊಳ್ಳಪ್ಪ" ಎಂದು ಕೈ ತೊಳೆದುಕೊಂಡ.

ಅಂದಿನಿಂದ ಅದು ಲಾರಿಯೇರಿ ತವರಿಗೆ ಬಂದು, ಕರೆದೊಯ್ಯಲು ಗಂಡ ಬಾರದ ಮಗಳ ಹಾಗೆ ಡ್ರಮ್ಮುಗಳ ಮೇಲೆ ವರ್ಷಗಟ್ಟಲೆ ಕೂತಿತ್ತು. ಕೆಂಪರಾಜು ಸಂಜೆಯ ಹೊತ್ತು ಅದನ್ನು ಹತ್ತಿ, ಚುಕ್ಕಾಣಿ ಹಿಡಿದು, ರಾಗಿ ಹೊಲದ ಮೇಲೆ ಗಾಳಿ ಓಡುವುದನ್ನೇ ನೋಡುತ್ತಿದ್ದ. ತೆನೆಗಳು ಬಾಗಿ ಎದ್ದರೆ ಅವನ ಕಾಲೂ ಅಲೆಯ ಮೇಲೆ ನಿಂತವನ ಹಾಗೆ ತಾನಾಗಿ ಅಗಲವಾಗುತ್ತಿತ್ತು.

ಆ ಪೀಕಲಾಟದ ದಿನ ಫ್ಯಾಕ್ಟರಿಯ ಉದ್ದನೆ ಲಾರಿ ಖಾಲಿಯಾಗಿ ಮಲ್ಪೆಗೆ ಹೊರಟಿತ್ತು. ಡ್ರೈವರ್ ಫಕ್ರುದ್ದೀನ್ ಕ್ರೇನನ್ನೂ ಕರೆತಂದಿದ್ದ.

"ಮಧ್ಯಾಹ್ನದೊಳ್ಗೆ ಆದ್ರೆ ಸರಿ ಕೆಂಪರಾಜಣ್ಣ, ಇಲ್ದಿದ್ರೆ ನಾನು ಹೊಂಟೆ. ಇಂಥ ಗಾಡಿ ಈ ಕಡೆ ಮತ್ತೆ ಬರಾಕಿಲ್ಲ. ಮುಂದೆ ಮೂರು ಸೀಟು, ನೀವು ಮೂರು ಜನ."

ಆದರೆ ಪಕ್ಕದ ಮನೆ ಹುಚ್ಚಯ್ಯ ಬಿಡಬೇಕಲ್ಲ! ಮೂಗಿಗೆ ಬೆರಳೊತ್ತಿ ಕಂಡಕ್ಟರ್ ದನಿ ತೆಗೆದ: "ಯಾರ್ರೀ ಮಲ್ಪೆ ಮಲ್ಪೆ! ಏನ್ಲಾ ಕೆಂಪ, ಯಾಟು ಯಾಟು ಅಂತಿದ್ದೆ, ಆಟ ಶುರುವಾಯ್ತಾ? ಪೂಜೆ ಮಾಡ್ದೆ ಗಾಡಿ ಎತ್ತಂಗಿಲ್ಲ. ಚಕ್ರದ ಕೆಳಗೆ ನಿಂಬೆಹಣ್ಣು ಮಡಗು."

"ಚಕ್ರ ಎಲ್ಲೈತೆ ಹುಚ್ಚಯ್ಯಣ್ಣ?"

"ಅಯ್ಯೋ! ಚಕ್ರ ಇಲ್ದಿರೋ ಗಾಡಿ ನಂಬ್ಕಂಡು ಹೆಂಡ್ರು ಮಕ್ಕಳ್ನ ಕರ್ಕಂಡು ಹೋಯ್ತಿದ್ದೀಯಾ?"

ಕೊನೆಗೆ ಡ್ರಮ್ಮುಗಳ ಕೆಳಗೇ ನಿಂಬೆಹಣ್ಣು ಇಟ್ಟದ್ದಾಯಿತು. ಕುಂಕುಮ ಹಚ್ಚಲು ದೋಣಿ ಹತ್ತಿದಾಗ ಆ ವಾಸನೆ ಬಂತು. ಕೆಂಪರಾಜು ಒಳಕೋಣೆಯ ಬಾಗಿಲು ತೆಗೆದ. ಸಿರಿ ಮಲಗುತ್ತಿದ್ದ ಹಲಗೆಯ ತುಂಬ ರೇಷ್ಮೆಹುಳುವಿನ ತಟ್ಟೆಗಳು!

"ಬಾಗ್ಲು ಹಾಕ್ಲಾ, ಹುಳ ಕೆಡ್ಸೋ ಊಜಿ ನೊಣ ನುಗ್ತದೆ!" ಅವನ ಅವ್ವ ದೊಡ್ಡಲಕ್ಷ್ಮಮ್ಮ ಜಗುಲಿಯಿಂದ ಕೂಗಿದಳು.

"ಅವ್ವಾ, ಯಾವಾಗ ತಂದಿಟ್ಟೆ?"

"ನಿನ್ನೆ ನೀನು ಡ್ಯೂಟಿಗೆ ಹೋದಾಗ. ನಾಕನೇ ಜ್ವರ ಎದ್ದವೆ, ಮನೇಲಿ ಜಾಗ ಸಾಲ್ದು. ಇಲ್ಲಿ ಕಿಟಕೀಗೆ ಜಾಲರಿ ಐತೆ, ತಣ್ಣಗೈತೆ. ನಿನ್ನ ದೋಣಿ ಇವತ್ತಿಗೆ ಕೆಲ್ಸಕ್ಕೆ ಬಂತು."

ನಾಲ್ಕನೇ ಜ್ವರ ಎದ್ದ, ಅಂದರೆ ಕೊನೆಯ ಸಲ ಪೊರೆ ಬಿಟ್ಟ ಹುಳುವೆಂದರೆ ಮದುವೆ ಮನೆಯ ಕೊನೆ ಪಂಕ್ತಿ; ಗೂಡು ಕಟ್ಟುವವರೆಗೆ ಬಡಿಸುತ್ತಲೇ ಇರಬೇಕು. ಫಕ್ರುದ್ದೀನ್ ಹಾರ್ನ್ ಒತ್ತಿದ. "ಅವ್ವಾ, ಬೇಗ ಇಳಿಸು!"

"ನಂಗೆ ಸೊಂಟ ಹಿಡ್ಕಂಡೈತೆ. ಬೇಕಾದ್ರೆ ನೀನೇ ಇಳಿಸ್ಕೊ." ಕೈಚಾಚಿದ ಸೊಸೆಗೆ ಗದರಿದಳು: "ನೀನು ಮುಟ್ಬ್ಯಾಡ ಕಣವ್ವ, ಹೊಸ ಸೀರೆ."

ಕೆಂಪರಾಜು ಒಂದೊಂದೇ ತಟ್ಟೆ ಇಳಿಸಿ ನಡುಮನೆಗೆ ಹೊತ್ತ. "ನಿಧಾನ ಕಣ್ಲಾ, ಬಾಣಂತಿ ಹೊತ್ತಂಗೆ ಹೊರು" ಎಂದು ಹುಚ್ಚಯ್ಯ ದೂರದಿಂದಲೇ ಬೆವರಿದ. ಕಡೆಗೂ ಕ್ರೇನು ದೋಣಿಯನ್ನೆತ್ತಿತು. ರಾಗಿ ಹೊಲದ ಮೇಲೆ ಅದು ತುಸು ತೂಗಿದಾಗ ಕೆಂಪರಾಜುವಿನ ಕಾಲು ತಾನಾಗಿ ಅಗಲವಾಯಿತು.

ಕೈಕಾಲು ತೊಳೆದು, ಇಸ್ತ್ರಿ ಅಂಗಿ ತೊಟ್ಟು ಬಂದು ನೋಡಿದರೆ, ಲಾರಿಯ ಮುಂದಿನ ಸೀಟಿನಲ್ಲಿ ಸೌಮ್ಯ, ಸಿರಿ, ನಡುವೆ ಎಲೆಯಡಿಕೆ ಚೀಲ ಹಿಡಿದ ದೊಡ್ಡಲಕ್ಷ್ಮಮ್ಮ!

"ಅವ್ವಾ, ಅದು ನನ್ನ ಸೀಟು!"

"ಹುಳದ ತಟ್ಟೆ ಕಡೇಲಿ ಎತ್ತಿಟ್ಟಿದ್ದು ಯಾರ ಕೈ?"

"ನಂದೇ."

"ಕಡೇಲಿ ಜಾಗ ಬದ್ಲಾಯಿಸಿದ ಕೈಯೇ ಗೂಡಾಗೋಗಂಟ ಸೊಪ್ಪು ಹಾಕ್ಬೇಕು. ಕೈ ಬದ್ಲಾದ್ರೆ ಬೆಳೆ ಕೆಡ್ತದೆ."

"ಹೌದು ಕಣ್ಲಾ, ನಮ್ಮನೇಲೂ ಅದೇ ಪದ್ಧತಿ" ಎಂದ ಹುಚ್ಚಯ್ಯ, ಯಾರೂ ಕೇಳದಿದ್ದರೂ.

"ಎಷ್ಟು ವರ್ಷದಿಂದ ಕಾದಿದ್ದೀನವ್ವ!"

ದೊಡ್ಡಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡಳು. "ನಾನೋ? ಈ ಮನೆ ಹೊಸ್ಲು ತುಳಿದಾಗ್ಲಿಂದ ಹುಳ ಬುಟ್ಟು ಎಲ್ಲಿಗೋಗಿದ್ದೀನಿ ಹೇಳು. ನೀವು ಮೂರು ಜನ ಉಣ್ಣಕ್ಕೆ ಕೂತ್ರೂ ಸಮುದ್ರ, ಏಳಕ್ಕೂ ಸಮುದ್ರ. ನಾನು ಸೊಪ್ಪು ಹೆಚ್ಕಂಡು ಕೇಳ್ತಾನೇ ಇದ್ದೆ."

"ದೋಣಿ ನಡೆಸೋರು ಯಾರು?" ಎಂದ ಕೆಂಪರಾಜು.

"ಅಲ್ಲೂ ಚುಕ್ಕಾಣಿ ನಾನೇ ಹಿಡೀತಿದ್ದೆ, ನೀವು ವಾಂತಿ ಮಾಡ್ತಿದ್ರಿ" ಎಂದಳು ಸೌಮ್ಯ. ಲಾರಿ ಹೊರಟಿತು.

ಮಾರನೆಯ ದಿನ ಫೋನ್ ಬಂತು. "ಏನ್ಲಾ ಮಗ ಇದು, ಇಷ್ಟೊಂದು ಐತೆ!" ಅವ್ವನ ದನಿ ಹುಡುಗಿಯ ದನಿಯಂತಿತ್ತು.

"ಅವ್ವಾ, ಒಸಿ ಫೋನ್ ನೀರಿನ ಕಡೆ ಹಿಡಿ. ಸದ್ದು ಕೇಳ್ತೀನಿ."

"ಅದಿರ್ಲಿ. ಮೊದ್ಲು ನೀನು ತಟ್ಟೆ ಮೇಲೆ ಹಿಡಿ, ತಿನ್ನೋ ಸದ್ದು ಬರ್ತದಾ ನೋಡ್ತೀನಿ."

ಕೆಂಪರಾಜು ಹಿಡಿದ. ಹುಳುಗಳು ಸರಸರ ಸೊಪ್ಪು ಮೇಯುತ್ತಿದ್ದವು. ದೊಡ್ಡಲಕ್ಷ್ಮಮ್ಮ ಮಲ್ಪೆಯಲ್ಲಿ ನಿಂತು ಬಹಳ ಹೊತ್ತು ಆಲಿಸಿದಳು.

"ಸದ್ದು ಕಮ್ಮಿಯಾಯ್ತು ಕಣ್ಲಾ. ಹೋಗು, ಸೊಪ್ಪು ಹಾಕು" ಎಂದು ಫೋನಿಟ್ಟಳು.