ಮಾಲತೇಶಪ್ಪನವರ ಕಿವಿ ಮತ್ತು ಒಂದು ಬೋಲ್ಟು

"ನನ್ನ ಕಣ್ಣಿಗೆ ಬಟ್ಟೆ ಕಟ್ಟಿ, ಯಾವ ಹಳೇ ಟ್ರ್ಯಾಕ್ಟರನ್ನಾದ್ರೂ ಚಾಲೂ ಮಾಡ್ಲಿ. ಅದರ ಎಂಜಿನ್ನಿನ ಜಾತಕ ನಾನು ಹೇಳ್ತೀನಿ. ಹೇಳ್ಲಿಲ್ಲ ಅಂದ್ರೆ ನನ್ನ ಹೆಸರು ಮಾಲತೇಶಪ್ಪನೇ ಅಲ್ಲ!"

ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ತಮ್ಮ ಅಡುಗೆಮನೆಯಲ್ಲಿ ನಿಂತು ಮಾಲತೇಶಪ್ಪನವರು ಈ ಘೋಷಣೆ ಹೊರಡಿಸಿದಾಗ ಸಭೆಯಲ್ಲಿ ಇದ್ದದ್ದು ಎರಡೇ ಜೀವ. ಒಂದು ಅವರ ಹೆಂಡತಿ ಪುಷ್ಪಲತಾ, ಇನ್ನೊಂದು ಒಲೆಯ ಮೇಲಿನ ಕುಕ್ಕರು. ಕುಕ್ಕರು ಸಿಳ್ಳೆ ಹೊಡೆಯಿತು. ಪುಷ್ಪಲತಾ ಹೊಡೆಯಲಿಲ್ಲ.

"ಹೆಸರು ಬದಲಿಸೋದು ಬ್ಯಾಡ್ರಿ. ಆಧಾರ್ ಕಾರ್ಡು ತಿದ್ದಿಸೋಕೆ ಮತ್ತೆ ನಾನೇ ಓಡಾಡ್ಬೇಕು. ಬೇರೆ ಏನಾದ್ರೂ ಪಣ ಇಡ್ರಿ."

"ಏನು ಬೇಕು ಕೇಳು!"

ಪುಷ್ಪಲತಾ ಕತ್ತೆತ್ತಿ ಮೇಲೆ ನೋಡಿದರು.

ಮೇಲಿದ್ದದ್ದು ಅಟ್ಟ. ಅಟ್ಟದ ಮೇಲಿದ್ದದ್ದು ಮಾಲತೇಶಪ್ಪನವರ ಸಾಮ್ರಾಜ್ಯ: ಹಳೇ ಟ್ರ್ಯಾಕ್ಟರುಗಳ ಪಿಸ್ಟನ್ನು, ವಾಲ್ವು, ಸೀಳಿದ ಸಿಲಿಂಡರು, ಉಸಿರು ನಿಂತ ಡೀಸೆಲ್ ಪಂಪು. ಕೃಷಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಟ್ರ್ಯಾಕ್ಟರುಗಳ ಕಡತ ಬರೆದು ನಿವೃತ್ತರಾದ ಅವರು ಒಂದು ದಿನವೂ ಟ್ರ್ಯಾಕ್ಟರು ಓಡಿಸಿದವರಲ್ಲ. ಅಷ್ಟೇ ಯಾಕೆ, ಮನೆಯ ಸ್ಕೂಟಿ ಓಡಿಸುವುದೂ ಪುಷ್ಪಲತಾನೇ! ಆದರೆ ಎಂಜಿನ್ನಿನ ಸದ್ದು ಕೇಳಿದರೆ ಅವರ ಕಿವಿ ನಿಮಿರುತ್ತಿತ್ತು, ಮುಖ ಅರಳುತ್ತಿತ್ತು. ಗುಜರಿ ಅಂಗಡಿಗೆ ಹೋದರೆ ಮೊಮ್ಮಗುವನ್ನು ಎತ್ತಿಕೊಂಡಂತೆ ಒಂದು ಕಬ್ಬಿಣದ ತುಂಡು ಎತ್ತಿಕೊಂಡೇ ಬರುತ್ತಿದ್ದರು. ರವೆ ಡಬ್ಬಿಗೆ ಕೈ ಹಾಕಿದರೆ ಗ್ರೀಸು ಹತ್ತುವ ಮನೆ ದಾವಣಗೆರೆಯಲ್ಲಿ ಬೇರೆ ಇರಲಿಕ್ಕಿಲ್ಲ.

ಪುಷ್ಪಲತಾ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನಿಗೆ ಒಪ್ಪಂದ ಬರೆದರು. ಭಾನುವಾರ ಹರಿಹರದಲ್ಲಿ ಹಳೇ ಟ್ರ್ಯಾಕ್ಟರುಗಳ ಮೇಳ. ಅಲ್ಲಿ ಕಣ್ಣು ಕಟ್ಟಿ ಎಂಜಿನ್ನು ಗುರುತಿಸುವ ಸ್ಪರ್ಧೆ. ಗೆದ್ದರೆ ಅಟ್ಟ ಯಜಮಾನರದು, ಸೋತರೆ ಗುಜರಿಯವನದು.

"ಇನ್ನೊಂದು ಷರತ್ತು ಐತೆ," ಎಂದರು ಪುಷ್ಪಲತಾ. "ಹೋದ ವರ್ಷ ನಿಮ್ಮ ಪ್ಯಾಂಟಿನ ಕಿಸೆದಾಗಿನ ನಟ್ಟು ವಾಷಿಂಗ್ ಮಷೀನಿನ ಡ್ರಮ್ಮಿಗೆ ತೂತು ಹಾಕ್ತು. ಇನ್ನೊಂದು ಸಲ ನಟ್ಟೋ ಬೋಲ್ಟೋ ಮಷೀನಿಗೆ ಬಿತ್ತು ಅಂದ್ರೆ, ನೀವು ಗೆದ್ದು ಬಂದಿದ್ರೂ ಅಟ್ಟ ಖಾಲಿ!"

"ಒಪ್ಪಿದೆ! ಅಂಥ ತಪ್ಪು ಮಾಡೋಕೆ ನಾನೇನು ಸಣ್ಣ ಮಗೂನಾ?" ಎಂದು ಮಾಲತೇಶಪ್ಪನವರು ಗತ್ತಿನಿಂದ ಸಹಿ ಹಾಕಿದರು.

ಭಾನುವಾರ ಸ್ಕೂಟಿಯ ಹಿಂದಿನ ಸೀಟಿನಲ್ಲಿ ದಂಡನಾಯಕನಂತೆ ಕೂತು ಅವರು ಹರಿಹರ ತಲುಪಿದರು. ಹೊಳೆದಂಡೆಯ ಬಯಲಿನಲ್ಲಿ ಟ್ರ್ಯಾಕ್ಟರುಗಳು ಬಣ್ಣ ಬಳಿದುಕೊಂಡು, ಹೂವಿನ ಹಾರ ಹಾಕಿಕೊಂಡು ಸಾಲಾಗಿ ನಿಂತಿದ್ದವು. ತೀರ್ಪುಗಾರ ಚಾಂದ್ ಪಾಷಾ. ಹರಿಹರದಲ್ಲಿ ನಲವತ್ತು ವರ್ಷದಿಂದ ಟ್ರ್ಯಾಕ್ಟರು ಬಿಚ್ಚಿ ಜೋಡಿಸುತ್ತ ಬಂದ ಉಸ್ತಾದ್.

"ಬರ್ರಿ ಸಾಹೇಬ್ರೆ, ಕೂಡ್ರಿ," ಎಂದು ಕುರ್ಚಿ ತೋರಿಸಿ, ಅವರ ಕಣ್ಣಿಗೆ ಕರೀ ಬಟ್ಟೆ ಬಿಗಿದರು. "ಹುಷಾರು! ಒಂದು ತಪ್ಪಿದ್ರೂ ಖೇಲ್ ಖತಂ."

ಮೊದಲ ಟ್ರ್ಯಾಕ್ಟರು ಗುಡುಗಿತು. "ಒಂದೇ ಸಿಲಿಂಡರು. ಗೂರಲು ರೋಗಿ ಇದ್ದಂಗೆ ತಡೆದು ತಡೆದು ಕೆಮ್ಮುತ್ತೆ!" ಸರಿ! ಎರಡನೆಯದು: "ಎರಡು ಸಿಲಿಂಡರು, ಅತ್ತೆ ಸೊಸೆ ಹಂಗೆ ಒಂದರ ಮೇಲೊಂದು ಮಾತಾಡ್ತಾವೆ!" ಸರಿ! ಮೂರನೆಯದು: "ನಾಲ್ಕು. ಟ್ರ್ಯಾಕ್ಟರಿಂದಲ್ಲ ಇದು, ಜೀಪಿನ ಎಂಜಿನ್ ತಂದು ಕೂಡಿಸ್ಯಾರೆ!" ಅದೂ ಸರಿ! ಅಷ್ಟರಲ್ಲಿ ಉಳಿದ ಸ್ಪರ್ಧಿಗಳೆಲ್ಲ ಒಬ್ಬೊಬ್ಬರಾಗಿ ತಪ್ಪು ಹೇಳಿ ಚಹಾದಂಗಡಿ ಸೇರಿದ್ದರು.

ಕೊನೆಯದು ಉಕ್ಕಡಗಾತ್ರಿಯ ಕರಿಬಸವರಾಜನ 'ಭೂಪತಿ' ಮಾಡೆಲ್ಲಿನ ಟ್ರ್ಯಾಕ್ಟರು. ಈ ಮಾಡೆಲ್ಲಿಗೆ ಕಂಪನಿಯವರು ಮೊದಮೊದಲು ಹಾಕಿದ್ದು ಮೂರು ಸಿಲಿಂಡರಿನ ಸಣ್ಣ ಎಂಜಿನ್ನು, ಆಮೇಲಿನ ವರ್ಷಗಳಲ್ಲಿ ಹಾಕಿದ್ದು ಮೂರು ಸಿಲಿಂಡರಿನದೇ ದೊಡ್ಡದು. ಮೇಲುನೋಟಕ್ಕೆ ಎರಡೂ ಅವಳಿಜವಳಿ. ಗುರುತು ಸಿಗುವುದು ಒಂದೇ ಕಡೆ: ಡೀಸೆಲ್ ಪಂಪಿನ ಹಿಂದೆ ಕಬ್ಬಿಣದಲ್ಲೇ ಎರಕ ಹೊಯ್ದ ಅಕ್ಷರ. ಸಣ್ಣದಕ್ಕೆ 'ಎಸ್', ದೊಡ್ಡದಕ್ಕೆ 'ಬಿ'.

ಮಾಲತೇಶಪ್ಪನವರು ಒಂದು ನಿಮಿಷ ಕೇಳಿದರು. ಕತ್ತು ವಾಲಿಸಿ ಇನ್ನೊಂದು ನಿಮಿಷ ಕೇಳಿದರು.

"ದೊಡ್ಡ ಎಂಜಿನ್ನು!"

ಬಯಲೆಲ್ಲ ಗೊಳ್ಳೆಂದಿತು. ಚಾಂದ್ ಪಾಷಾರ ಸರಿಯುತ್ತರದ ಚೀಟಿಯಲ್ಲಿ 'ಸಣ್ಣದು' ಎಂದಿತ್ತು! ಕರಿಬಸವರಾಜನಿಗಂತೂ ರೇಗಿಹೋಯಿತು. "ಏನ್ ಮಾತಾಡ್ತೀರಿ ಯಜಮಾನ್ರೆ! ಇದು ನಮ್ಮಪ್ಪ ಮೊದಮೊದಲಿಗೇ ತಂದಿದ್ದು, ಕಂಪನಿಯವ್ರೇ ಕೂಡಿಸಿದ ಸಣ್ಣ ಎಂಜಿನ್ನು. ಇವತ್ತಿನವರೆಗೂ ಒಬ್ಬರೂ ಬಿಚ್ಚಿಲ್ಲ!"

ಮಾಲತೇಶಪ್ಪನವರ ಕಣ್ಣಿನ ಮುಂದೆ ಅಟ್ಟ ಗಿರ್ರನೆ ತಿರುಗಿತು. ಗುಜರಿಯವನ ತಕ್ಕಡಿಯಲ್ಲಿ ತಮ್ಮ ಪಿಸ್ಟನ್ನುಗಳು ಬಿದ್ದ ಸದ್ದೂ ಕೇಳಿಸಿತು. ಆದರೂ ಬಟ್ಟೆ ಕಿತ್ತೆಸೆದು ಎದ್ದು ನಿಂತರು. "ಕಾಗದ ಸುಳ್ಳು ಹೇಳಬಹುದು, ನನ್ನ ಕಿವಿ ಹೇಳಲ್ಲ. ಅಕ್ಷರ ತೋರಿಸ್ರಿ!"

ಅಕ್ಷರ ಎಲ್ಲಿಂದ ತೋರಿಸುವುದು? ವರ್ಷ ವರ್ಷ ಆಯುಧಪೂಜೆಗೆಂದು ಟ್ರ್ಯಾಕ್ಟರು ತೊಳೆದು, ಚಕ್ರಕ್ಕೂ ಎಂಜಿನ್ನಿಗೂ ಭೇದ ಮಾಡದೆ ಬಣ್ಣ ಬಳಿದು, ಮೇಲೆ ವಿಭೂತಿ ಎಳೆದು, ಕುಂಕುಮ ಹಚ್ಚಿ ಅಲ್ಲೊಂದು ಗೋಡೆಯೇ ಎದ್ದಿತ್ತು. ಮಾಲತೇಶಪ್ಪನವರು ಡೀಸೆಲ್ ಬಂದ್ ಮಾಡಿಸಿ, ಅಡ್ಡ ಬಂದ ಪೈಪಿನ ಬೋಲ್ಟು ಬಿಚ್ಚಿದರು. ಅದನ್ನು ಎಲ್ಲಿಟ್ಟರೆಂದು ಯಾರೂ ಗಮನಿಸಲಿಲ್ಲ, ಅವರೂ ಗಮನಿಸಲಿಲ್ಲ. ಹೆಂಡತಿಯ ಕಡೆ ಕೈ ಚಾಚಿ, "ಪುಷ್ಪಾ, ಸ್ಕೂಟಿ ಕೀ!" ಎಂದರು.

ಕೆರೆದರು. ಕೆಂಪು ಹೋಯಿತು, ನೀಲಿ ಬಂತು. ನೀಲಿ ಹೋಯಿತು, ಹಸಿರು ಬಂತು. ಹಸಿರಿನ ಕೆಳಗೆ ಮತ್ತೆ ಕೆಂಪು! ಹಣೆಯಿಂದ ಬೆವರು ಇಳಿಯಿತು. ಕೊನೆಗೆ ಕಬ್ಬಿಣ ಕಂಡಿತು. ಚಾಂದ್ ಪಾಷಾ ಕನ್ನಡಕ ಏರಿಸಿ ಬಗ್ಗಿ ನೋಡಿದರು.

"ಯಾ ಅಲ್ಲಾ! ಬಿ!"

ಕರಿಬಸವರಾಜ ತಲೆ ಕೆರೆದುಕೊಂಡ. "ಹಂಗಾರೆ ನಮ್ಮಪ್ಪನೇ ಎಂಜಿನ್ನು ಬದಲಿಸ್ಯಾನ! ನನಗೂ ಹೇಳಿಲ್ಲ ನೋಡ್ರಿ!"

ಮುಂದಿನದನ್ನು ಏನು ಹೇಳಲಿ! ಶಾಲು, ಶಿಳ್ಳೆ, ಸೆಲ್ಫಿ! ಬಹುಮಾನವಾಗಿ ಮರದ ಪೀಠದ ಮೇಲೆ ನಿಲ್ಲಿಸಿದ ಬಂಗಾರದ ಬಣ್ಣದ ಪಿಸ್ಟನ್ನು! "ಇದು ಕಿವಿ ಅಲ್ಲ ಸಾಹೇಬ್ರೆ, ಕರಾಮತ್ತು!" ಎಂದು ಚಾಂದ್ ಪಾಷಾ ಅಪ್ಪಿಕೊಂಡರು. ಪುಷ್ಪಲತಾರ ಮುಖದಲ್ಲೂ ಹೆಮ್ಮೆ ಕಂಡಿತು. ಅದನ್ನು ಮುಚ್ಚಿಕೊಳ್ಳಲು ಅವರು ಬೇಗನೆ ಹೆಲ್ಮೆಟ್ಟು ಹಾಕಿಕೊಂಡರು.

ಮನೆ ಮುಟ್ಟಿದ ಕೂಡಲೇ, "ಆ ಗ್ರೀಸಿನ ಪ್ಯಾಂಟು ಬಿಚ್ಚಿ ಕೊಡ್ರಿ ಮೊದಲು," ಎಂದು ಪುಷ್ಪಲತಾ ಇಸಿದುಕೊಂಡು ಹೋದರು. ಮಾಲತೇಶಪ್ಪನವರು ಪಂಚೆ ಉಟ್ಟು, ಶಾಲು ಹೊದ್ದು ಪಡಸಾಲೆಯಲ್ಲಿ ವಿರಾಜಮಾನರಾದರು. ಎದುರುಮನೆಯ ಅಂಜನಕುಮಾರ ಅಭಿನಂದಿಸಲು ಬಂದು ಕೂತ. ಅಷ್ಟರಲ್ಲಿ ಫೋನು ಬಂತು. ಚಾಂದ್ ಪಾಷಾ.

"ಸಾಹೇಬ್ರೆ, ಭೂಪತಿ ಇನ್ನೂ ಬಯಲಾಗೇ ನಿಂತೈತೆ! ಡೀಸೆಲ್ ಪೈಪಿನ ಬೋಲ್ಟು ಸಿಗವಲ್ದು. ಕರಿಬಸವರಾಜ ಹುಲ್ಲೆಲ್ಲ ಬಾಚಿ ಹುಡುಕ್ಲಿಕ್ಕತ್ಯಾನ!"

"ಛೆ ಛೆ! ಎಂಥ ಜನ! ಬಿಚ್ಚಿದ ಸಾಮಾನು ಜೋಪಾನ ಮಾಡೋದು ಕಲೀಬೇಕು ನೋಡ್ರಿ," ಎಂದು ಬುದ್ಧಿ ಹೇಳಿ ಫೋನಿಟ್ಟರು.

ಆಗ ಕೇಳಿಸಿತು: ಧಡ್ ಧಡ್ ಧಡಲ್! ಧಡ್ ಧಡ್ ಧಡಲ್!

ಮಾಲತೇಶಪ್ಪನವರ ಕಿವಿ ನಿಮಿರಿತು. ಕಣ್ಣು ಮುಚ್ಚಿ, ತೋರುಬೆರಳೆತ್ತಿ, "ಶ್! ಕೇಳು ಅಂಜನಕುಮಾರ. ಹಿಂದಿನ ರಸ್ತೇಲಿ ಟ್ರ್ಯಾಕ್ಟರು! ಮೂರು ಸಿಲಿಂಡರು, ಎಪ್ಪತ್ತೆಂಟನೇ ಇಸವಿದು, ಕಂಪನಿ ಎಂಜಿನ್ನು. ಬರೆದಿಟ್ಕೋ, ಒಳಗೆ ಒಂದು ಬೋಲ್ಟು ಸಡಿಲ ಐತೆ!"

ಸದ್ದು ತಟ್ಟನೆ ನಿಂತಿತು. ಒಳಗಿನಿಂದ ಪುಷ್ಪಲತಾ ಬಂದರು. ಸೋಪಿನ ನೊರೆ ಹತ್ತಿದ ಅಂಗೈಯಲ್ಲಿ ಫಳಫಳ ಹೊಳೆಯುವ ಒಂದು ಬೋಲ್ಟು.

"ಬೋಲ್ಟಿನ ವಿಷಯ ನೂರಕ್ಕೆ ನೂರು ಸರಿ ಹೇಳಿದ್ರಿ ನೋಡ್ರಿ," ಎಂದರು. "ಆದ್ರೆ ಅದು ಟ್ರ್ಯಾಕ್ಟರ್ ಅಲ್ಲ, ವಾಷಿಂಗ್ ಮಷೀನು."

ಅಂಜನಕುಮಾರ ಶಾಲಿನ ಕಡೆಗೊಮ್ಮೆ, ಬೋಲ್ಟಿನ ಕಡೆಗೊಮ್ಮೆ ನೋಡಿ, ನಗು ತಡೆಯಲಾರದೆ ಚಪ್ಪಲಿ ಹುಡುಕಿಕೊಂಡು ಹೊರಟ. ಹತ್ತೇ ನಿಮಿಷದಲ್ಲಿ ಸ್ಕೂಟಿ ಮತ್ತೆ ಹರಿಹರದ ರಸ್ತೆ ಹಿಡಿಯಿತು. ದಂಡನಾಯಕರು ಮುಷ್ಟಿಯಲ್ಲಿ ಬೋಲ್ಟು ಹಿಡಿದು ಹಿಂದಿನ ಸೀಟಿನಲ್ಲಿ ಮುದುಡಿಕೊಂಡು ಕೂತಿದ್ದರು.

"ಪುಷ್ಪಾ..." ಎಂದರು ಮೆಲ್ಲಗೆ.

"ಆ ಬಂಗಾರದ ಪಿಸ್ಟನ್ನೊಂದು ಇಟ್ಕೊಳ್ರಿ, ಗೆದ್ದಿದ್ದು ಗೆದ್ದಿದ್ದೇ," ಎಂದರು ಪುಷ್ಪಲತಾ. "ಉಳಿದಿದ್ದಕ್ಕೆ ನಾಳೆ ಬೆಳಿಗ್ಗೆ ಗುಜರಿಯೋನು ಬರ್ತಾನೆ. ಅವನ ಗಾಡಿ ಸದ್ದು ಕೇಳಿದ್ರೆ ನಿಮಗೆ ಗುರುತು ಸಿಗುತ್ತಲ್ಲ?"